ಹಟ್ಟಿಗೆ ಹೋದ ಸಮನ್ಸು

ತವರೂರು ಯಂಕಂಚಿಗೆ ಹೋಗಿ ಎಂಟು ದಿನದಲ್ಲಿ ಬರುತ್ತೇನೆಂದು ಹೊರಟ ಕಾಶಿಬಾಯಿ ಇಪ್ಪತ್ತು ದಿನವಾದರೂ ಗಂಡನ ಊರು ತಾಂಬಾಕ್ಕೆ ಮರಳಲಿಲ್ಲ. ಇಪ್ಪತ್ತೊಂದನೆಯ ದಿನ ಅವಳ ಬದಲು ಅವಳ ಸುದ್ದಿ ಬಂತು. ಇಂಡಿ ಊರಿನ ಸಂತೆಗೆ ಹೋಗಿದ್ದ ಶೇವಂತೆವ್ವನ ಹಿರಿಯ ಮಗ ಗುರಣ್ಣ ಹೆಗಲ ಚೀಲ ಇಳಿಸುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿಬಿಟ್ಟ.

"ನಮ್ಮ ಸಿದ್ದನ ಹೇಣ್ತಿ ಇಂಡ್ಯಾಗ ಅದಾಳ. ಕಂಬಳಿ ನೇಯೋ ಯಂಕಪ್ಪನ ಕೂಡ. ಯಂಕಂಚಿಗೆ ಆಕಿ ಹೋಗೇ ಇಲ್ಲ."

ಶೇವಂತೆವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಕೈ ಹಿಟ್ಟಿನಲ್ಲೇ ನಿಂತಿತು. ಕಾಶಿಬಾಯಿ ಅವಳಿಗೆ ಬರಿಯ ಸೊಸೆಯಲ್ಲ, ಒಡಹುಟ್ಟಿದ ಅಣ್ಣನ ಮಗಳು. ಹನ್ನೊಂದು ವರ್ಷದ ಹಿಂದೆ ಯಂಕಂಚಿಯಲ್ಲಿ ಅಣ್ಣ ಹಾಸಿಗೆ ಹಿಡಿದಾಗ ಹುಡುಗಿಯ ಕೈಯನ್ನು ಇವಳ ಕೈಯಲ್ಲಿಟ್ಟಿದ್ದ. ಇವಳು ಕಿರಿಯ ಮಗ ಸಿದ್ದರಾಯನಿಗೆ ತಂದುಕೊಂಡಿದ್ದಳು. ಬೇರೆ ಮನೆಗೆ ಹೋದರೆ ಹುಡುಗಿ ಬಡವಾದೀತು ಎಂಬುದೊಂದೇ ಆಗ ಅವಳ ಯೋಚನೆ.

ಯಂಕಪ್ಪನನ್ನೂ ಅವಳು ಬಲ್ಲಳು. ಹೆಂಡತಿ ಸತ್ತವನು, ಅವರದೇ ಕುಲದವನು. ನೂತ ಉಣ್ಣೆಯ ನೂಲು ಒಯ್ಯಲು ತಿಂಗಳಿಗೊಮ್ಮೆ ಬರುತ್ತಿದ್ದ. ಅಂಗಳದಲ್ಲಿ ಕೂತು ನೀರು ಕುಡಿದು, ತಂಬಿಗೆಯನ್ನು ತಾನೇ ತೊಳೆದು ಬೋರಲು ಹಾಕಿ ಹೋಗುವ ಮನುಷ್ಯ. ಅವನ ಮೇಲೆ ಸಿಟ್ಟು ತಂದುಕೊಳ್ಳಲು ಹೋದಾಗಲೆಲ್ಲ ಶೇವಂತೆವ್ವನಿಗೆ ಆ ತಂಬಿಗೆ ಕಾಣುತ್ತಿತ್ತು.

ಗಂಡ ಮಾಳಿಂಗಪ್ಪನಿಗೆ ಸಿಟ್ಟು ತರಿಸಿಕೊಳ್ಳುವ ಶ್ರಮವೇ ಬೇಕಿರಲಿಲ್ಲ. ಮರುದಿನ ಬೆಳಗಿನ ಮೋಟಾರಿಗೆ ಇಂಡಿಗೆ ಹೋದವನು ಸಂಜೆ ಬಂದ. ರುಮಾಲು ಬಿಚ್ಚದೆ ಉಣ್ಣಲು ಕೂತ.

"ವಕೀಲರ್ನ ಕಂಡು ಬಂದೆ. ಕಲಮು ನಾಕನೂರಾ ತೊಂಬತ್ತೆಂಟು. ಮತ್ತೊಬ್ಬರ ಹೇಣ್ತೀನ ಪುಸಲಾಯಿಸಿ ಒಯ್ದರ ಎರಡು ವರ್ಸ ಜೇಲು. ಫಿರ್ಯಾದಿ ಕೊಟ್ಟೇನಿ."

"ನೀವು ಕೊಟ್ರಿ? ಗಂಡ ಕೊಡಬೇಕಲ್ಲೇನ್ರಿ ಅದನ್ನ?" ಶೇವಂತೆವ್ವ ಕೇಳಿದಳು.

"ಗಂಡ ಊರಾಗಿಲ್ಲದಾಗ ಆಕಿನ್ನ ನೋಡಿಕೊಳ್ಳಾವ್ರು ಕೊಡಬಹುದು, ಕೋರ್ಟಿನ ಅಪ್ಪಣಿ ತಗೊಂಡು. ಹೆಬ್ಬೆಟ್ಟು ಒತ್ತಿ ಬಂದೇನಿ."

"ಸಿದ್ದನ್ನ ಒಂದು ಮಾತು ಕೇಳದ?"

"ಯಾವಾಗ ಕೇಳೇವಿ ಅವನ್ನ?"

ಅದು ನಿಜವೇ. ಕುರಿಗಾರರ ಮನೆಗಳಲ್ಲಿ ಅದೊಂದು ಪದ್ಧತಿ. ದೀಪಾವಳಿ ಮುಗಿಸಿ ಕುರಿಯ ಹಿಂದೆ ಹೋದವನು ಮುಂಗಾರಿಗೇ ಊರು ಕಾಣುವುದು. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಕುರಿಹಟ್ಟಿ ಕೂರಿಸಿಕೊಳ್ಳುತ್ತಾರೆ, ಕಾಳು ಕೊಡುತ್ತಾರೆ. ಆ ಎಂಟು ತಿಂಗಳು ಅವನ ಪಾಲಿನ ಮಾತು, ಅವನ ಪಾಲಿನ ಹೆಬ್ಬೆಟ್ಟು ಎಲ್ಲ ಮನೆಯ ಹಿರಿಯನದು. ಸಿದ್ದರಾಯನ ಮದುವೆಯ ದಿನ ಗೊತ್ತಾದದ್ದೂ ಹಾಗೆಯೇ, ಅವನು ಡೋಣಿ ನದಿಯ ದಂಡೆಯಲ್ಲಿದ್ದಾಗ.

"ಆಕಿಗೇನು ಶಿಕ್ಷಾ ಅಂತ?" ಶೇವಂತೆವ್ವ ಮೆಲ್ಲಗೆ ಕೇಳಿದಳು.

"ಆಕಿಗೇನಿಲ್ಲ. ಕಾಯದೆದಾಗ ಹೆಂಗಸಿಗೆ ಶಿಕ್ಷಾ ಇಲ್ಲ. ಒಯ್ದಾವ ಕಳ್ಳ. ಆಕಿನ್ನ ಹೊಳ್ಳಿ ಮನಿಗೆ ತರೂದು, ಅಷ್ಟ."

ಹಿರಿಯ ಸೊಸೆ ರುಕ್ಮವ್ವ ಮಾವನೊಂದಿಗೆ ನೇರ ಮಾತಾಡುವವಳಲ್ಲ. ಆಡಬೇಕಾದುದನ್ನು ಗೋಡೆಗೆ ಆಡುವಳು. ಈಗಲೂ ಗೋಡೆಯ ಕಡೆ ತಿರುಗಿ ಅಂದಳು, "ಹಂಗಾರ ಕಾಶಿ ಕೊಡಪಾನ ಆದ್ಳು. ಕದ್ದಾವ ಒಬ್ಬ, ಕಳಕೊಂಡಾವ ಒಬ್ಬ. ಕೊಡಪಾನಕ್ಕ ಯಾರು ಕೇಳ್ತಾರ?"

"ಗ್ವಾಡಿಗೆ ಹೇಳು, ಬಾಯಿ ಮುಚ್ಚಿಕೋ ಅಂತ," ಅಂದ ಮಾಳಿಂಗಪ್ಪ.

ಆ ಮೇಲಿನ ದಿನಗಳು ಮನೆಗೆ ಭಾರವಾದವು. ಕಾಶಿಬಾಯಿಯ ಕೆಲಸವೆಲ್ಲ ರುಕ್ಮವ್ವನ ತಲೆಯ ಮೇಲೆ ಬಿತ್ತು. ಬಾವಿಯಿಂದ ಹತ್ತು ಕೊಡ ನೀರು, ಎರಡು ಹೊತ್ತಿನ ಸಗಣಿ, ಮೂವತ್ತು ರೊಟ್ಟಿ. ಉಣ್ಣೆ ಮಾತ್ರ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಅಷ್ಟು ಸಣ್ಣಗೆ ನೂಲುವ ಕೈ ಮನೆಯಲ್ಲಿ ಇನ್ನೊಂದಿರಲಿಲ್ಲ.

"ಹೋಗಾಕಿ ಹೋದ್ಳು, ನನ್ನ ಸೊಂಟಾ ಮುರದು ಹೋದ್ಳು," ಎಂದು ರುಕ್ಮವ್ವ ರೊಟ್ಟಿ ಬಡಿಯುತ್ತ ಗೊಣಗುವಳು. ಮರುಗಳಿಗೆಯಲ್ಲೇ, "ಅಲ್ಲೇನು ಉಣ್ತಾಳೋ ಏನೋ, ಹುರಳಿ ಆಕಿಗೆ ಆಗಿ ಬರಂಗಿಲ್ಲ," ಅನ್ನುವಳು.

ವಿಚಾರಣೆಯ ಮೊದಲ ತಾರೀಖಿಗೆ ಯಂಕಪ್ಪ ಕೋರ್ಟಿಗೆ ಬಂದು ಜಾಮೀನಿನ ಮೇಲೆ ಹೋದನೆಂದು ಮಾಳಿಂಗಪ್ಪ ಹೇಳಿದ. ಎರಡನೆಯ ತಾರೀಖಿಗೆ ಶೇವಂತೆವ್ವನೂ ಜೊತೆಗೆ ಹೋದಳು. ಕೋರ್ಟಿನ ಎತ್ತರದ ಮಾಳಿಗೆ, ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುವ ಮ್ಯಾಜಿಸ್ಟ್ರೇಟ್ ಸಾಹೇಬರು, ಹೆಸರು ಕೂಗುವ ಜವಾನನ ದೊಡ್ಡ ದನಿ, ಎಲ್ಲವನ್ನೂ ಅವಳು ಬಾಯಿಗೆ ಸೆರಗು ಹಿಡಿದು ನೋಡಿದಳು. ಯಂಕಪ್ಪ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಏನು ಕೇಳಿದರೂ ಒಂದೇ ಉತ್ತರ, "ನಾ ಹೇಳೂದು ಏನೂ ಇಲ್ರಿ." ಅವನ ವಕೀಲರೇ ಬೇಸತ್ತು ಕೈಚೆಲ್ಲಿದರು.

ಹೊರಗೆ ಬಂದಾಗ ನಡುವಯಸ್ಸಿನ ಹೆಂಗಸೊಬ್ಬಳು ಹತ್ತಿರ ಬಂದು, ಹಿತ್ತಾಳೆಯ ಲೋಟದಲ್ಲಿ ನೀರು ಹಿಡಿದಳು. ಉಣ್ಣೆ ವ್ಯಾಪಾರಿ ಗೈಬುಸಾಬನ ಹೆಂಡತಿ ಪೀರಬಿ. ಯಂಕಪ್ಪನಿಗೆ ಜಾಮೀನು ನಿಂತವನು ಗೈಬುಸಾಬನೇ.

"ಬಿಸಲಾಗ ಬಂದೀರಿ, ಕುಡೀರಿ ಅಕ್ಕಾ," ಅಂದಳು. "ನಿಮ್ಮ ಹುಡುಗಿ ನಮ್ಮ ಮನ್ಯಾಗ ಅದಾಳ. ಸಮನ್ಸ ಬಂದಾಗಿಂದ. ಖಟ್ಲೆ ಮುಗಿಯೂ ತನಕ ಯಂಕಪ್ಪನ ಹೊಸ್ತಿಲಾ ತುಳಿಯಂಗಿಲ್ಲ ಅಂತಾಳ."

"ಯಾಕಂತ?"

"ನಾನೂ ಕೇಳಿದೆ. ಒಬ್ಬರಿಗೆ ಮಾತು ಕೊಟ್ಟೇನಿ, ಅವರು ಬಾಯಿ ಬಿಡೂ ತನಕ ನಾನೂ ಬಿಡಂಗಿಲ್ಲ, ಯಂಕಪ್ಪನ್ನೂ ಬಿಡಗೊಡಂಗಿಲ್ಲ ಅಂದ್ಳು. ಯಾರಿಗೆ ಅಂತ ಹೇಳವಲ್ಲಳು. ಜೇಲಿಗೆ ಹೋದ್ರೂ ಅವನೂ ಹೇಳಂಗಿಲ್ಲಂತ. ನನಗಂತೂ ಇಂಥಾ ಮಂದಿ ಹೊಸದವ್ವಾ."

ಶೇವಂತೆವ್ವನಿಗೂ ಹೊಸದು. ಮೋಟಾರಿನಲ್ಲಿ ಊರು ಮುಟ್ಟುವವರೆಗೆ ಅವಳು ಅದನ್ನೇ ಯೋಚಿಸಿದಳು.

ಆ ದಿನ ಸಾಹೇಬರು ಇನ್ನೊಂದು ಮಾತು ಹೇಳಿದ್ದರು. ಗಂಡ ಊರಲ್ಲಿಲ್ಲವೆಂದು ಅವನ ತಂದೆಗೆ ಅಪ್ಪಣೆ ಕೊಟ್ಟದ್ದಾಯಿತು, ಆದರೆ ಗಂಡನ ಮುಖ ನೋಡದೆ ಮುಂದೆ ನಡೆಸುವುದಿಲ್ಲ ಎಂದು. ಸಿದ್ದರಾಯನ ಹೆಸರಿಗೆ ಸಮನ್ಸು ಹೊರಟಿತು. ಸಮನ್ಸು ಮುಟ್ಟಿಸುವ ಕೋರ್ಟಿನ ಬೇಲೀಫ ಕುರಿ ಮೇಯುವ ಮುದ್ದೇಬಿಹಾಳದ ಕಡೆ ನಾಲ್ಕು ದಿನ ಅಲೆದು ಪತ್ತೆಯಿಲ್ಲವೆಂದು ಬರೆದು ಮರಳಿದ. ಎರಡನೆಯ ಕಾಗದವನ್ನು ಮಾಳಿಂಗಪ್ಪನ ಕೈಗೇ ಕೊಟ್ಟು, ನೀವೇ ಹುಡುಕಿ ಕರೆತನ್ನಿ ಅಂದರು.

ಅದು ಜೋಳದ ರಾಶಿಯ ಕಾಲ. ಗುರಣ್ಣ ಕಣ ಬಿಡುವಂತಿಲ್ಲ. ಮಾಳಿಂಗಪ್ಪನ ಅಂಗಾಲಿಗೆ ಜಾಲಿಮುಳ್ಳು ಮುರಿದು ಕೀವಾಗಿತ್ತು.

"ನಾ ಹೋಗ್ತೇನಿ," ಅಂದಳು ಶೇವಂತೆವ್ವ.

"ನೀ ಎಲ್ಲಿ ಹುಡುಕ್ತಿ? ಕೋರ್ಟಿನ ಮಂದಿಗೆ ಸಿಗಲಿಲ್ಲ."

"ಕೋರ್ಟಿನ ಮಂದಿಗೆ ಕುರಿ ಹಿಕ್ಕಿ ಓದಾಕ ಬರ್ತೈತೇನ್ರಿ?"

ಮಾಳಿಂಗಪ್ಪನಿಗೆ ಅಂಥ ಸಿಟ್ಟಿನಲ್ಲೂ ನಗು ಬಂತು. ರುಕ್ಮವ್ವ ಹತ್ತು ಕಟಕ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಸಿಂದಗಿಯಲ್ಲೊಮ್ಮೆ ಮೋಟಾರು ಬದಲಿಸಿ ಶೇವಂತೆವ್ವ ಬಸವನ ಬಾಗೇವಾಡಿಗೆ ಬಂದಳು. ಅಲ್ಲಿಂದ ಮುಂದೆ ಕಾಲೇ ಮೋಟಾರು. ಸಮನ್ಸನ್ನು ಮಡಚಿ, ಬಟ್ಟೆಯಲ್ಲಿ ಸುತ್ತಿ, ಎದೆಯ ಹತ್ತಿರ ಇಟ್ಟುಕೊಂಡಿದ್ದಳು. ಓದಲು ಬಾರದ ಆ ಕಾಗದಕ್ಕೆ ಅವಳು ಹೆದರುತ್ತಿದ್ದಳು. ಕೂರುವಾಗ ಏಳುವಾಗ ಅದನ್ನು ಮುಟ್ಟಿ ನೋಡಿಕೊಳ್ಳುವಳು.

ಹೊಲದಿಂದ ಹೊಲಕ್ಕೆ ಹಿಕ್ಕೆ ನೋಡುತ್ತ ನಡೆದಳು. ಹಿಕ್ಕೆ ಬೆರಳಲ್ಲಿ ಪುಡಿಯಾದರೆ ಹಟ್ಟಿ ಎದ್ದು ವಾರವಾಗಿದೆ. ಒಳಗೆ ಹಸಿಯಿದ್ದರೆ ಎರಡು ದಿನ. ಮೊದಲ ದಿನ ಒಂದು ಮನೆಯ ಮುಂದಿನ ಕಟ್ಟೆಯಲ್ಲಿ ಮಲಗಿದಳು. ಆ ಮನೆಯಾಕೆ ಯಾರು ಏನು ಎಂದು ಕೇಳದೆ ಕಂಬಳಿ ಹೊದಿಸಿ ಹೋದಳು. ಎರಡನೆಯ ದಿನ ಬೇರೆ ಊರಿನ ಕುರಿಗಾರ ಮುದುಕನೊಬ್ಬ ಸಿಕ್ಕ. ಹೆಸರು ಗುರಲಿಂಗಪ್ಪ. ಉಣ್ಣಲು ಕೂರಿಸಿ, ಹಾಲು ಕೊಟ್ಟು, ಅವನು ಬೆರಗಿನಿಂದ ಹೇಳಿದ:

"ಏನು ಕಾಲವೋ ಇದು. ಮೂರು ತಿಂಗಳ ಹಿಂದ ಇನ್ನೊಬ್ಬಾಕಿ ಹೀಂಗ ಸಿದ್ದರಾಯನ ಹಟ್ಟಿ ಕೇಳಕೋತ ಬಂದಿದ್ಲು. ಸಣ್ಣ ವಯಸ್ಸಿನಾಕಿ. ಕಾಲು ಬಾತಿದ್ವು. ಕೂಡವ್ವಾ ಅಂದ್ರ ಕೂಡಲಿಲ್ಲ."

"ಎಂಥಾಕಿ?"

"ಉದ್ದಗೆ, ತೆಳ್ಳಗೆ. ಗದ್ದದ ಮ್ಯಾಲೆ ಹಚ್ಚಿ ಬಟ್ಟು."

ಶೇವಂತೆವ್ವನ ಕೈಯ ಬಟ್ಟಲು ಬಾಯಿಗೆ ಹೋಗದೆ ನಿಂತಿತು. ಆ ಹಚ್ಚೆಯನ್ನು ಹಾಕಿಸಿದವಳು ಅವಳೇ.

ಮೂರನೆಯ ದಿನ ಇಳಿಹೊತ್ತಿಗೆ ಮುದ್ದೇಬಿಹಾಳದ ಈಚೆ ಬದಿಗೆ, ಕೊಯ್ದ ಜೋಳದ ಹೊಲದಲ್ಲಿ, ಮಗನ ಹಟ್ಟಿ ಕಂಡಿತು. ಸಿದ್ದರಾಯ ಕುಂಟುವ ಮರಿಯೊಂದರ ಗೊರಸಿನ ಮುಳ್ಳು ಕೀಳುತ್ತಿದ್ದ. ತಾಯಿಯನ್ನು ಕಂಡು ಎದ್ದ. ಯಾಕೆ ಬಂದೆ ಎಂದು ಕೇಳಲಿಲ್ಲ. ಅವಳ ಕಾಲಿಗೆ ಬಿಸಿನೀರು ಕಾಯಿಸಿದ.

ಅವಳು ಕಾಗದ ತೆಗೆದುಕೊಟ್ಟಳು. ನಡೆದುದನ್ನೆಲ್ಲ ಹೇಳಿದಳು. ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಚಿ ಇಟ್ಟ.

"ಕಾಶಿ ಇಲ್ಲಿಗೆ ಬಂದಿದ್ಲೇನೋ?" ಅವಳು ಕೇಳಿದಳು.

"ಬಂದಿದ್ಲು."

"ಮೂರು ದಿನ ನಡದೋ?"

"ನಾಕು. ಆಕಿಗೆ ಹಿಕ್ಕಿ ಅಷ್ಟು ಗೊತ್ತಾಗಂಗಿಲ್ಲ." ಅವನು ಒಲೆಗೆ ಕಟ್ಟಿಗೆ ಸರಿಸಿದ. "ಈ ಕಲ್ಲಿನ ಮ್ಯಾಲೆ ಕುಂತು ಹೇಳಿದ್ಲು. ಯಂಕಪ್ಪನ ಕೂಡ ಬಾಳ್ವೆ ಮಾಡಬೇಕಂತ ಮಾಡೇನಿ. ನಿನಗ ಹೇಳದ ಹೋದ್ರ ಕದ್ದು ಹೋದಂಗಾಗ್ತೈತಿ, ಅದಕ್ಕ ಬಂದೆ ಅಂದ್ಲು. ಹನ್ನೊಂದು ವರ್ಸದಾಗ ನಾವಿಬ್ರೂ ಕೂಡಿ ಉಂಡದ್ದು ಲೆಕ್ಕಾ ಹಾಕಿದ್ರ ನಾಕು ವರ್ಸ ಆಗಂಗಿಲ್ಲ ಅಂದ್ಲು. ಅತ್ತಿದ್ದಿಲ್ಲವ್ವಾ. ಬೈದಿದ್ದೂ ಇಲ್ಲ."

"ನೀ ಏನಂದಿ?"

"ರೊಟ್ಟಿ ಸುಟ್ಟು ಉಣಿಸಿದೆ. ಎರಡು ದಿನ ಕಾಲು ಇಳಿಯೂ ತನಕ ಇಟಗೊಂಡೆ. ಆ ಮ್ಯಾಲೆ ಗಂಟು ಹೊತಗೊಂಡು ಮುದ್ದೇಬಿಹಾಳ ಸ್ಟ್ಯಾಂಡಿಗೆ ಹೋಗಿ ಮೋಟಾರ ಹತ್ತಿಸಿದೆ. ಮನ್ಯಾಗ ನೀ ಹೇಳಬ್ಯಾಡ, ಮಳಿಗಾಲಕ್ಕ ಬಂದು ನಾನ ಹೇಳ್ತೇನಿ ಅಂದೆ. ಹೇಣ್ತಿ ಬಿಟ್ಟ ಹೋದ್ಳು ಅಂತ ಮಂದಿ ನಕ್ಕಾರು, ನೀ ಹೇಳೂ ತನಕ ನಾನೂ ಯಂಕಪ್ಪನೂ ತುಟಿ ಬಿಚ್ಚಂಗಿಲ್ಲ ಅಂತ ಆಕಿ ಆಣಿ ಮಾಡಿದ್ಲು."

ಶೇವಂತೆವ್ವ ಮಗನ ಮುಖವನ್ನೇ ನೋಡುತ್ತ ಕೂತಳು. ತಾನು ಹೆತ್ತು ಬೆಳೆಸಿದವನು, ಊಟಕ್ಕೆ ಕೂತರೆ ಇನ್ನೊಂದು ರೊಟ್ಟಿ ಬೇಕೆಂದು ಬಾಯಿಬಿಟ್ಟು ಕೇಳಲಾರದವನು. ಇವನೊಳಗೆ ಇಷ್ಟು ದೊಡ್ಡ ಜಾಗವಿತ್ತೆಂದು ಅವಳಿಗೆ ತಿಳಿದಿರಲಿಲ್ಲ. ಆ ಹುಡುಗಿಯೂ ಹಾಗೆಯೇ. ಜೇಲಿನ ಮಾತು ಬಂದರೂ ಆಣೆ ಮುರಿದಿಲ್ಲ. ತನ್ನ ಮನೆಯ ಒಲೆಯ ಮುಂದೆ ಹನ್ನೊಂದು ವರ್ಷ ಇಂಥವರಿಬ್ಬರು ಕೂತೆದ್ದರು, ತಾನು ಅವರಿಗೆ ಸಾರಿನ ಉಪ್ಪು ಸರಿಯಿದೆಯೋ ಎಂದಷ್ಟೇ ಕೇಳುತ್ತ ಬಂದೆ ಅನ್ನಿಸಿತು.

"ನಾಡಿದ್ದ ತಾರೀಖು. ನಡಿ, ಹೋಗೂಣು," ಅಂದಳು.

ಅವನು ತಲೆ ಅಲ್ಲಾಡಿಸಿದ. "ಬರಂಗಿಲ್ಲವ್ವಾ. ಅಪ್ಪ ಆಣಿ ಮಾಡಿ ಹೇಳ್ಯಾನ, ಯಂಕಪ್ಪ ಒಯ್ದ ಅಂತ. ನಾ ಕಳಿಸೀನಿ ಅಂದ್ರ ಅಪ್ಪ ಸುಳ್ಳಾಗ್ತಾನ. ಸುಳ್ಳ ಫಿರ್ಯಾದಿಗೆ ದಂಡ ಹಾಕ್ತಾರಂತ. ಈ ವಯಸ್ಸಿನಾಗ ಅವನ್ನ ಕೋರ್ಟಿನ್ಯಾಗ ತಲಿ ತಗ್ಗಿಸಿ ನಿಂದ್ರಸ್ಲೇನು?"

"ನೀ ಬರದಿದ್ರ ಯಂಕಪ್ಪ ಜೇಲಿಗೆ ಹೋಗ್ತಾನ. ಕಾಶೀನ ಹೊಳ್ಳಿ ತರ್ತಾರ."

"ಗೊತ್ತೈತಿ."

ಕುರಿಗಳು ಬಲೆಯೊಳಗೆ ಒಂದಕ್ಕೊಂದು ಒತ್ತಿ ಮಲಗುತ್ತಿದ್ದವು. ಶೇವಂತೆವ್ವನಿಗೂ ಒಮ್ಮೆ ಅನ್ನಿಸಿತು, ಬರದಿದ್ದರೆ ಗಂಡನ ರುಮಾಲು ಉಳಿದೀತು, ಹುಡುಗಿ ಮನೆಗೆ ಬಂದಾಳು, ಮೂಲೆಯ ಉಣ್ಣೆ ನೂಲಾದೀತು. ಆದರೆ ಮನೆಗೆ ಬಂದವಳ ಮುಖ ಹೇಗೆ ನೋಡುವುದು?

"ನಿಮ್ಮಪ್ಪನ ಜೋಡಿ ಮೂವತ್ತೈದು ವರ್ಸ ಬಾಳ್ವೆ ಮಾಡೇನಿ," ಅಂದಳು ಕೊನೆಗೆ. "ಅವರ ಸಿಟ್ಟು ನನಗಿರಲಿ. ನೀ ಖರೆ ಹೇಳು."

ಬೆಳಿಗ್ಗೆ ಕುರಿಗಳನ್ನು ಜೊತೆಗಾರನಿಗೆ ಒಪ್ಪಿಸಿ ಸಿದ್ದರಾಯ ತಾಯಿಯೊಂದಿಗೆ ಹೊರಟ.

ಮನೆಯಲ್ಲಿ ಮಗ ನಡೆದುದನ್ನು ಹೇಳಿದಾಗ ಮಾಳಿಂಗಪ್ಪ ಮೊದಲು ನಂಬಲಿಲ್ಲ. ನಂಬಿದ ಮೇಲೆ ತಾಟು ಸರಿಸಿ ಎದ್ದ.

"ಸ್ವಂತ ಹೇಣ್ತೀನ ಕೈ ಹಿಡದು ಮೋಟಾರ ಹತ್ತಿಸ್ದಿ? ಗಂಟೂ ಹೊತ್ತಿ?"

"ಆಕಿ ಕಾಲು ಬಾತಿದ್ವು ಅಪ್ಪಾ."

"ಕಾಲು ಬಾತಿದ್ವಂತ. ಕೇಳ್ರಿ ಇವನ ಮಾತು. ನಾಳೆ ಕಟಕಟ್ಯಾಗ ಇದನ್ನ ಹೇಳು. ನಮ್ಮಪ್ಪ ಸುಳ್ಳ ಬೊಗಳ್ಯಾನ, ಅವಗ ದಂಡ ಹಾಕ್ರಿ ಅನ್ನು. ನಿನ್ನ ಮೀಸಿ ನೀನ ಬೋಳಿಸ್ಕೋ."

"ಮಗನ ಕೇಳದ ಹೆಬ್ಬೆಟ್ಟು ಒತ್ತಿದಾವ್ರು ಯಾರು?" ರುಕ್ಮವ್ವ ಗೋಡೆಗೆ ಹೇಳಿದಳು.

ಮಾಳಿಂಗಪ್ಪ ರುಮಾಲು ಎತ್ತಿಕೊಂಡ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಶೇವಂತೆವ್ವ ತಾಟನ್ನು ಅಲ್ಲಿಗೇ ಒಯ್ದು ಇಟ್ಟಳು. ಅವನು ಮುಟ್ಟಲಿಲ್ಲ.

ತಾರೀಖಿನ ದಿನ ಇಂಡಿಗೆ ಹೋಗುವ ಮೋಟಾರಿನಲ್ಲಿ ತಂದೆ ಮುಂದೆ ಕೂತ, ಮಗ ಹಿಂದೆ. ನಡುವೆ ಬುತ್ತಿಯ ಗಂಟು ಹಿಡಿದು ಶೇವಂತೆವ್ವ. ಮಗ ಏನು ಹೇಳುವನೆಂದು ಅವಳಿಗೂ ಖಾತ್ರಿಯಿರಲಿಲ್ಲ. ಮೂರು ಸಲ ತಿರುಗಿ ನೋಡಿದಳು. ಅವನು ಕಿಟಕಿಯ ಹೊರಗೆ ಯಾರದೋ ಕುರಿಗಳನ್ನು ನೋಡುತ್ತಿದ್ದ.

ಹೆಸರು ಕೂಗಿದಾಗ ಸಿದ್ದರಾಯ ಕೋಲನ್ನು ಬಾಗಿಲಿಗೆ ಒರಗಿಸಿ, ಹೆಗಲ ಕಂಬಳಿಯೊಂದಿಗೇ ಕಟಕಟೆ ಹತ್ತಿದ. ಎದುರಿಗೆ ಯಂಕಪ್ಪ. ಬಾಗಿಲ ಹತ್ತಿರ ಪೀರಬಿಯ ಪಕ್ಕ ಕಾಶಿಬಾಯಿ.

"ಈ ಮನುಷ್ಯ ನಿನ್ನ ಹೆಂಡತಿಯನ್ನು ಪುಸಲಾಯಿಸಿ ಕರೆದುಕೊಂಡು ಹೋದನೇನು?" ಸಾಹೇಬರು ಕೇಳಿದರು.

ಸಿದ್ದರಾಯ ಒಮ್ಮೆ ತಂದೆಯ ಕಡೆ ನೋಡಿದ. ತಂದೆ ನೆಲ ನೋಡುತ್ತಿದ್ದ.

"ಇಲ್ರಿ. ಆಕಿ ನನಗ ಬಂದು ಹೇಳಿದ್ಲು. ನಾನ ಕಳಸೀನ್ರಿ."

"ನೀನೇ ಕಳಿಸಿದೆಯಾ?"

"ಹೌದ್ರಿ. ಮುದ್ದೇಬಿಹಾಳ ಸ್ಟ್ಯಾಂಡಿನ ತನಕ ಹೋಗಿ ಮೋಟಾರ ಹತ್ತಿಸೀನ್ರಿ. ಆಕಿ ಗಂಟು ನಾನ ಹೊತ್ತೀನ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಇನ್ನೊಬ್ಬರು, "ಎಂಥಾ ಗಂಡ್ಸೋ ಮಾರಾಯಾ," ಅಂದರು. ಸಾಹೇಬರು ತಲೆ ಎತ್ತಿ ಅತ್ತ ನೋಡಿದರು, ನಗು ಅಲ್ಲೇ ಸತ್ತಿತು. ಸಿದ್ದರಾಯನ ಕಿವಿ ಕೆಂಪಾಗಿತ್ತು. ಆದರೂ ಅವನು ಬೆನ್ನು ನೆಟ್ಟಗೆ ಮಾಡಿ ನಿಂತೇ ಇದ್ದ.

"ಹಾಗಾದರೆ ನಿನ್ನ ತಂದೆ ಸುಳ್ಳು ಫಿರ್ಯಾದಿ ಕೊಟ್ಟನೇನು?"

ಶೇವಂತೆವ್ವ ಕಣ್ಣು ಮುಚ್ಚಿದಳು.

"ಸುಳ್ಳಲ್ರಿ ಸಾಹೇಬ್ರ. ಅವಗ ಎಷ್ಟು ಗೊತ್ತಿತ್ತೋ ಅಷ್ಟು ಖರೆ ಹೇಳ್ಯಾನ. ಮನ್ಯಾಗ ನಾ ಹೇಳಲಿಲ್ಲ, ಅದು ನಂದ ತಪ್ಪು. ದಂಡ ಇದ್ರ ನನಗ ಹಾಕ್ರಿ. ನನಗ ಯಾರ ಮ್ಯಾಲೂ ಫಿರ್ಯಾದಿ ಇಲ್ರಿ. ಪಂಚರ ಮುಂದ ಆಕಿಗೆ ಲಗ್ನಾ ಬಿಟ್ಟದ್ದಕ್ಕ ಸೋಡಚೀಟಿ ಬರಸಿ ಕೊಡ್ತೇನ್ರಿ."

ಸಾಹೇಬರು ಲೇಖನಿ ಕೆಳಗಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, "ಹೌದೇನಮ್ಮಾ?" ಅಂದರು.

"ಹೌದ್ರಿ," ಅಂದಳು ಕಾಶಿಬಾಯಿ. ಎರಡು ತಿಂಗಳ ಖಟ್ಲೆಯಲ್ಲಿ ಅವಳನ್ನು ಕೇಳಿದ ಮಾತು ಅದೊಂದೇ.

ದಂಡ ಯಾರಿಗೂ ಇಲ್ಲ, ಫಿರ್ಯಾದಿ ತೆಗೆದುಹಾಕಿದೆ, ಆರೋಪಿ ಬಿಡುಗಡೆ ಎಂದು ಸಾಹೇಬರು ಬರೆಸಿದರು. ಜವಾನ ಮುಂದಿನ ಹೆಸರು ಕೂಗಿದ. ಅಷ್ಟು ದೊಡ್ಡ ಸಂಗತಿ ಅಷ್ಟು ಬೇಗ ಮುಗಿದುದನ್ನು ಕಂಡು ಶೇವಂತೆವ್ವನಿಗೆ ಏಳುವುದೇ ಮರೆಯಿತು. ಪೀರಬಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

ಹೊರಗೆ ಬೇವಿನ ಮರವೊಂದೇ ನೆರಳು. ಮಾಳಿಂಗಪ್ಪ ಅದರ ಬುಡದಲ್ಲಿ, ನೋಯುವ ಕಾಲನ್ನು ಉದ್ದಕ್ಕೆ ಚಾಚಿ, ಯಾರ ಮುಖವನ್ನೂ ನೋಡದೆ ಕೂತಿದ್ದ. ಶೇವಂತೆವ್ವ ಬುತ್ತಿ ಬಿಚ್ಚಿದಳು. ರುಕ್ಮವ್ವ ಎಂಟು ರೊಟ್ಟಿ ಕಟ್ಟಿದ್ದಳು, ಮೂವರಿಗೆ ಹೆಚ್ಚು. ಯಾರನ್ನು ಎಣಿಸಿ ಕಟ್ಟಿದಳೋ ಕೇಳಲು ಅವಳು ಅಲ್ಲಿರಲಿಲ್ಲ.

ಕಾಶಿಬಾಯಿ ಬಂದು ಅತ್ತೆಯ ಪಾದ ಮುಟ್ಟಿದಳು. ಸೊರಗಿದ್ದಳು. ಶೇವಂತೆವ್ವನಿಗೆ ಆಡಬೇಕಾದ ಮಾತು ನೂರಿದ್ದವು, ಬಂದದ್ದು ಒಂದೇ. "ಉಂಡೀಯೇನು?"

"ಇಲ್ಲ ಅತ್ತಿ."

"ಕೂಡು."

ಅವಳು ಕೂತಳು. ಯಂಕಪ್ಪ ದೂರ, ಬಿಸಿಲಿನಲ್ಲೇ, ಕೋರ್ಟಿನ ಗೋಡೆಗೆ ಒರಗಿ ನಿಂತಿದ್ದ. ಹತ್ತಿರ ಬರುವ ಧೈರ್ಯ ಅವನಿಗಿರಲಿಲ್ಲ, ಹೋಗಿಬಿಡುವ ಮನಸ್ಸೂ ಇರಲಿಲ್ಲ. ಸಿದ್ದರಾಯ ಎರಡು ರೊಟ್ಟಿಯ ಮೇಲೆ ಹಿಂಡಿ ಹಾಕಿಕೊಂಡು ಎದ್ದ. ಅತ್ತ ಹೋಗಬೇಕಾದರೆ ತಂದೆಯ ಚಾಚಿದ ಕಾಲನ್ನು ದಾಟಬೇಕು. ಹಿರಿಯರ ಕಾಲು ದಾಟುವಂತಿಲ್ಲ. ಅವನು ಕೈಯಲ್ಲಿ ರೊಟ್ಟಿ ಹಿಡಿದು ನಿಂತುಕೊಂಡ. ಹೆಂಗಸರಿಬ್ಬರೂ ಅಗಿಯುವುದನ್ನು ನಿಲ್ಲಿಸಿದರು.

ಮಾಳಿಂಗಪ್ಪ ತಿರುಗಿ ನೋಡಲಿಲ್ಲ. ಎರಡೂ ಕೈಯಿಂದ ಮೊಣಕಾಲು ಹಿಡಿದು, ನೋವಿಗೆ ಹಲ್ಲು ಕಚ್ಚಿ, ಕಾಲು ಮಡಚಿಕೊಂಡ.